ಚರ್ಚೆ ಮದುವೆಯ ತನಕ ಬಂದಾಗ: ಬಸವಣ್ಣನವರ ಬದುಕು

ನಮೋ ಬುದ್ಧಾಯ. ಜೈ ಭೀಮ್.



ಇಂದಿನ ಚಿಂತನೆ ದಿನದಕ್ಕಿಂತ ಉದ್ದ ಇದೆ. ರಜೆಯ ದಿನ, ಸಮಾಧಾನದಿಂದ ಓದಿರಿ. ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ಪಕ್ಕದಲ್ಲಿ ಕೂತು ಓದಿ ಹೇಳಿರಿ.

ಈ ವಾರ ನಾವು ಕಾಲಾಮ ಸುತ್ತ ಓದಿದೆವು. ಕೋಸಲ ದೇಶದ ಕೇಸಪುತ್ತ ಎಂಬ ಊರಿನ ಕಾಲಾಮರ ತಕರಾರು ನಿಮಗೆ ನೆನಪಿರಬೇಕು. ಊರಿಗೆ ಬರುವ ಪ್ರತಿಯೊಬ್ಬ ಗುರುವೂ ತನ್ನ ಮಾತೇ ಸತ್ಯ, ಉಳಿದವರದು ಸುಳ್ಳು ಎನ್ನುತ್ತಾನೆ, ನಾವು ಯಾರನ್ನು ನಂಬಬೇಕು ಎಂದು ಅವರು ಭಗವಾನ್ ಬುದ್ಧರನ್ನೇ ಕೇಳಿದರು. ಅನುಮಾನ ಪಟ್ಟಿದ್ದಕ್ಕೆ ಬುದ್ಧರು ಸಿಟ್ಟಾಗಲಿಲ್ಲ. ಅನುಮಾನ ಪಡಬೇಕಾದ ಕಡೆಯೇ ಅನುಮಾನ ಪಟ್ಟಿದ್ದೀರಿ ಎಂದು ಮೆಚ್ಚಿದರು. ಹಿರಿಯರು ಹೇಳಿದರೆಂದೋ, ಗ್ರಂಥದಲ್ಲಿದೆ ಎಂದೋ, ಹೇಳಿದವನು ನಮ್ಮ ಗುರು ಎಂದೋ ಒಪ್ಪಬೇಡಿ, ಅದರಿಂದ ಹಾನಿಯೋ ಹಿತವೋ ಎಂಬುದನ್ನು ನೀವೇ ಕಂಡುಕೊಂಡು ನಡೆಯಿರಿ ಎಂಬುದು ಅವರ ಉಪದೇಶದ ಸಾರ.

ಹಾಗೆ ಒಟ್ಟಿಗೆ ಕೂತು ಧರ್ಮವನ್ನೇ ಕೆದಕಿ ಕೇಳಿದವರು ನಮ್ಮ ನೆಲದಲ್ಲಿ ಇದ್ದರೇ ಎಂದು ನೋಡಲು ದೂರ ಹೋಗಬೇಕಿಲ್ಲ. ನಮ್ಮ ಹುನಗುಂದ ತಾಲೂಕಿನಲ್ಲೇ, ಕೃಷ್ಣೆ ಮಲಪ್ರಭೆ ಕೂಡುವ ಕಡೆ ಓದಿ ಬೆಳೆದ ಒಬ್ಬರ ಮನೆಯಲ್ಲಿ ಅಂಥವರು ಮುಂದೆ ಸೇರಿದರು. ಇಂದು ಆ ಬಸವಣ್ಣನವರ ಬದುಕನ್ನು ಹೇಳುತ್ತೇನೆ.

ಮೊದಲೇ ಒಂದು ಮಾತು. ಬಸವಣ್ಣನವರು ಶಿವಭಕ್ತರು. ನಾವು 22 ಪ್ರತಿಜ್ಞೆ ತೆಗೆದುಕೊಂಡವರು. ಅವರನ್ನು ಬೌದ್ಧರನ್ನಾಗಿ ಮಾಡಿ ತೋರಿಸುವ ಉದ್ದೇಶ ನನಗಿಲ್ಲ. ಅದು ಅವರಿಗೂ ಮರ್ಯಾದೆಯಲ್ಲ, ನಮಗೂ ಅಲ್ಲ. ಇನ್ನೊಂದು ಮಾತು. ನಾನು ಕನ್ನಡ ಕಲಿಸುವ ಅಕ್ಕೋರು. ವಚನಗಳನ್ನು ಮಕ್ಕಳು ಗಿಳಿಯ ಹಾಗೆ ಒಪ್ಪಿಸುವುದನ್ನು ವರ್ಷಾನುಗಟ್ಟಲೆ ಕೇಳಿದ್ದೇನೆ. ಆದ್ದರಿಂದ ಇಲ್ಲಿ ಒಂದು ವಚನವನ್ನೂ ಬರೆಯುವುದಿಲ್ಲ. ಮಾತು ನಮಗೆಲ್ಲ ಗೊತ್ತಿದೆ, ಇವತ್ತು ನಡೆದದ್ದನ್ನು ನೋಡೋಣ.

*ಜನಿವಾರ ಬಿಟ್ಟ ಹುಡುಗ*

ಬಸವಣ್ಣನವರು 12ನೆಯ ಶತಮಾನದವರು. ಹುಟ್ಟಿದ್ದು ಈಗಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯ ಬ್ರಾಹ್ಮಣ ಮನೆತನದಲ್ಲಿ. ತಂದೆ ಮಾದರಸ, ತಾಯಿ ಮಾದಲಾಂಬಿಕೆ, ಅಕ್ಕ ನಾಗಮ್ಮ. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ಸಿಕ್ಕ 1260ರ ಶಾಸನದಲ್ಲಿ ಅವರ ಹೆಸರಿದೆ. ಅಂದರೆ ಇವರು ಬರೀ ಪುರಾಣದ ವ್ಯಕ್ತಿಯಲ್ಲ, ಕಲ್ಲಿನ ಮೇಲೆ ಹೆಸರು ಉಳಿದ ಮನುಷ್ಯ.

ಉಪನಯನದ ಕಥೆ ಎಲ್ಲರಿಗೂ ಗೊತ್ತು. ಎಂಟು ವರ್ಷದ ಹುಡುಗ, ಅಕ್ಕನಿಗಿಲ್ಲದ ಜನಿವಾರ ನನಗೇಕೆ ಎಂದು ಕೇಳಿ ಮನೆ ಬಿಟ್ಟ ಎಂದು ಜನ ಹೇಳುತ್ತಾರೆ. ಅವರ ಬದುಕನ್ನು ಕನ್ನಡದಲ್ಲಿ ಮೊದಲು ಬರೆದ ಕವಿ ಹರಿಹರ ಬೇರೆ ರೀತಿ ಹೇಳುತ್ತಾನೆ. ಆತನ ಪ್ರಕಾರ ತಂದೆ ತಾಯಿ ಬೇಗ ತೀರಿಕೊಂಡರು, ಮುತ್ತವ್ವೆ ಸಾಕಿದಳು, ಜನಿವಾರ ಆಗಲೇ ಆಗಿತ್ತು, ಹದಿನಾರನೆಯ ವಯಸ್ಸಿಗೆ ಅದು ಬೇಡವೆನಿಸಿ ಕಿತ್ತೆಸೆದು ಊರು ಬಿಟ್ಟರು.

ಎರಡು ಕಥೆಗಳಲ್ಲಿ ಯಾವುದು ನಿಜ ಎಂದು ಜಗಳವಾಡಬೇಕಿಲ್ಲ. ಎರಡರಲ್ಲೂ ಸಮಾನವಾದ ಸಂಗತಿ ಒಂದಿದೆ. ಹುಟ್ಟಿನಿಂದ ಬಂದ ದೊಡ್ಡಸ್ತಿಕೆಯನ್ನು ಅವರು ತಾವಾಗಿಯೇ ಬಿಟ್ಟರು. ಕೆಳಗಿನವರು ಪ್ರಶ್ನೆ ಕೇಳುವುದು ಹೊಟ್ಟೆಯ ಉರಿಯಿಂದ, ಅದು ಸಹಜ. ಮೇಲಿನವನು ತನಗೆ ಲಾಭ ತರುವ ಪದ್ಧತಿಯನ್ನೇ ಯಾಕೆ ಎಂದು ಕೇಳುವುದು ಅಪರೂಪ. ಕಪಿಲವಸ್ತುವಿನ ಅರಮನೆ ಬಿಟ್ಟ ಸಿದ್ಧಾರ್ಥರನ್ನು ನೆನೆಯುವ ನಮಗೆ ಇದರ ಬೆಲೆ ಗೊತ್ತು.

*ಸಂಗಮದ ವರ್ಷಗಳು*

ಮನೆ ಬಿಟ್ಟವರು ಬಂದು ಸೇರಿದ್ದು ಕೂಡಲಸಂಗಮಕ್ಕೆ. ಹರಿಹರ ಅದನ್ನು ಕಪ್ಪಡಿಸಂಗಮ ಎನ್ನುತ್ತಾನೆ. ಅಲ್ಲಿ ಗುಡಿಯ ಹಿರಿಯರ ಆಶ್ರಯದಲ್ಲಿದ್ದು ಓದಿದರು, ಪೂಜೆ ಮಾಡಿದರು. ಅಲ್ಲಿಯ ದೇವರ ಹೆಸರೇ ಮುಂದೆ ಅವರ ಮಾತುಗಳ ಕೊನೆಯ ಅಂಕಿತವಾಯಿತು.

ಆಗ ಈ ಸೀಮೆ ಹೇಗಿತ್ತು? ಇದೇ ಹುನಗುಂದ ತಾಲೂಕಿನ ಐಹೊಳೆಗೆ ನಮ್ಮಲ್ಲಿ ಬಹಳ ಜನ ಹೋಗಿ ಬಂದಿದ್ದೀರಿ. ಮೇಗುತಿ ಗುಡ್ಡ ಹತ್ತುವಾಗ ಅರ್ಧ ಕಲ್ಲು ಕೊರೆದು ಅರ್ಧ ಕಟ್ಟಿದ ಎರಡು ಅಂತಸ್ತಿನ ಬೌದ್ಧ ಗುಡಿ ಸಿಗುತ್ತದೆ, ಚಾವಣಿಯಲ್ಲಿ ಬುದ್ಧರ ಮೂರ್ತಿ ಇದೆ. ಅದೇ ಗುಡ್ಡದ ತುದಿಯಲ್ಲಿ ರವಿಕೀರ್ತಿಯ 634ರ ಶಾಸನವಿರುವ ಜೈನ ಬಸದಿ. ಕೆಳಗೆ ಊರ ತುಂಬ ಶೈವ, ವೈಷ್ಣವ ಗುಡಿಗಳು. ಬಾದಾಮಿಯ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಚೀನಾದ ಭಿಕ್ಷು ಹ್ಯುಯೆನ್ ತ್ಸಾಂಗ್, ಇಲ್ಲಿ ನೂರಕ್ಕೂ ಹೆಚ್ಚು ವಿಹಾರಗಳೂ ಸುಮಾರು 5,000 ಭಿಕ್ಷುಗಳೂ ಇದ್ದುದನ್ನು ಬರೆದಿಟ್ಟಿದ್ದಾನೆ. ಬಳ್ಳಿಗಾವಿಯಲ್ಲಿ 1065ರಲ್ಲಿ ಹೊಸ ಬೌದ್ಧ ವಿಹಾರ ಕಟ್ಟಿದರು. ಗದಗ ಹತ್ತಿರದ ಡಂಬಳದ 1095ರ ಶಾಸನ ಅಲ್ಲಿಯ ತಾರಾದೇವಿಯ ವಿಹಾರಗಳಿಗೆ ಕೊಟ್ಟ ದಾನವನ್ನು ಹೇಳುತ್ತದೆ. ಅಂದರೆ ಬಸವಣ್ಣನವರು ಹುಟ್ಟುವುದಕ್ಕೆ ಕೆಲವೇ ದಶಕಗಳ ಹಿಂದೆ ಕನ್ನಡ ನೆಲದಲ್ಲಿ ವಿಹಾರಗಳ ದೀಪ ಉರಿಯುತ್ತಿತ್ತು. ಒಂದು ದಾರಿ ಸರಿಯೋ ಇನ್ನೊಂದೋ ಎಂದು ವಾದ ಮಾಡುವುದು ಇಲ್ಲಿಯ ಜನಕ್ಕೆ ಹೊಸದಾಗಿರಲಿಲ್ಲ.

ಹೊಸದು ಬೇರೆಯೇ ಒಂದಿತ್ತು. ಅಲ್ಲಿಯ ತನಕ ವಾದ ಮಾಡುತ್ತಿದ್ದವರು ಓದಿದವರು, ಅದೂ ಹೆಚ್ಚಾಗಿ ಸಂಸ್ಕೃತದಲ್ಲಿ, ರಾಜನ ಸಭೆಯಲ್ಲಿ. ಚಪ್ಪಲಿ ಹೊಲಿಯುವವನು, ದೋಣಿ ನಡೆಸುವವನು, ನೂಲುವ ಹೆಣ್ಣುಮಗಳು ಆ ಸಭೆಯ ಬಾಗಿಲಿಗೂ ಬರುವಂತಿರಲಿಲ್ಲ.

*ಲೆಕ್ಕ ಬರೆಯುವ ಕೆಲಸದಿಂದ ಭಂಡಾರಿಯ ತನಕ*

ಸಂಗಮದಿಂದ ಬಸವಣ್ಣನವರು ಮಂಗಳವೇಡೆಗೆ ಹೋದರು. ಅದು ಈಗ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಅಲ್ಲಿ ಕಳಚುರಿ ಬಿಜ್ಜಳನ ಆಡಳಿತ. ಕರಣಿಕರ ಸಾಲಿನಲ್ಲಿ ಕೂತು ಲೆಕ್ಕ ಬರೆಯುತ್ತ ಮೇಲೆ ಬಂದರು. ಬಿಜ್ಜಳ ಆಗ ಕಲ್ಯಾಣದ ಚಾಲುಕ್ಯರ ಸಾಮಂತ. 1150ರ ದಶಕದ ಕೊನೆಯ ಹೊತ್ತಿಗೆ ಆತ ತನ್ನ ಒಡೆಯರ ಗದ್ದುಗೆಯನ್ನೇ ಹಿಡಿದ. ಬಸವಣ್ಣನವರು ಆತನ ಭಂಡಾರಿಯಾದರು, ಅಂದರೆ ಖಜಾನೆಯ ಹೊಣೆ ಹೊತ್ತವರು. ಕಲ್ಯಾಣ ಈಗ ಬೀದರ ಜಿಲ್ಲೆಯ ಬಸವಕಲ್ಯಾಣ.

ಅಲ್ಲಿ ಅವರ ಮನೆಗೆ ಮಹಾಮನೆ ಎಂದು ಹೆಸರಾಯಿತು. ಹೆಂಡತಿಯರಾದ ಗಂಗಾಂಬಿಕೆ, ನೀಲಾಂಬಿಕೆ, ಅಕ್ಕ ನಾಗಮ್ಮ, ಅವಳ ಮಗ ಚೆನ್ನಬಸವಣ್ಣ ಎಲ್ಲರೂ ಆ ಮನೆಯ ಕೆಲಸದಲ್ಲಿದ್ದರು. ಬಂದವರಿಗೆ ಊಟ, ಆಮೇಲೆ ಮಾತು. ಭಂಡಾರದ ದುಡ್ಡು ಇಲ್ಲಿ ಕರಗುತ್ತಿದೆ ಎಂದು ರಾಜನಿಗೆ ಚಾಡಿ ಹೋಯಿತು, ಲೆಕ್ಕ ನೋಡಿದಾಗ ಒಂದು ಹಾಗವೂ ಕಡಿಮೆ ಇರಲಿಲ್ಲ ಎಂದು ಕಥೆಗಳು ಹೇಳುತ್ತವೆ. ಪ್ರಶ್ನೆ ಕೇಳುವವನ ಕೈ ಶುದ್ಧ ಇರಬೇಕು. ಇಲ್ಲದಿದ್ದರೆ ಎದುರಾಳಿಗೆ ಪ್ರಶ್ನೆಗೆ ಉತ್ತರ ಕೊಡುವ ಕಷ್ಟವೇ ಇರುವುದಿಲ್ಲ.

*ಅಲ್ಲಿ ಕೂತವರು ಯಾರು?*

ಆ ಕೂಟವನ್ನು ನಾವು ಅನುಭವ ಮಂಟಪ ಎನ್ನುತ್ತೇವೆ. ಅದು ಒಂದು ಕಟ್ಟಡವಾಗಿತ್ತೇ, ಮಹಾಮನೆಯ ಪಡಸಾಲೆಯೇ ಮಂಟಪವಾಗಿತ್ತೇ ಎಂದು ವಿದ್ವಾಂಸರು ಚರ್ಚೆ ಮಾಡಿದ್ದಾರೆ. ಅಲ್ಲಿಯ ಮಾತುಕತೆಯ ದೊಡ್ಡ ಚಿತ್ರ ನಮಗೆ ಸಿಗುವುದು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂಕಲಿಸಿದ ಶೂನ್ಯಸಂಪಾದನೆಯಿಂದ. ಘಟನೆಗೂ ಗ್ರಂಥಕ್ಕೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರವಿದೆ. ಕಾಲಾಮ ಸುತ್ತ ಓದಿದ ನಾವು ಇದನ್ನೂ ತಿಳಿದೇ ಓದಬೇಕು. ಆದರೆ ಕಟ್ಟಡ ಇಲ್ಲದಿದ್ದರೂ ಅಲ್ಲಿ ಮಾತಾಡಿದವರ ವಚನಗಳಿವೆ. ಕಸುಬಿನ ಹೆಸರನ್ನೇ ತಮ್ಮ ಹೆಸರಿಗೆ ಮುಂದಿಟ್ಟುಕೊಂಡವರ ಮಾತುಗಳು ಅವು.

ತೊಗಲು ಹದ ಮಾಡುವ ಡೋಹರ ಕಕ್ಕಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ತಾಂಬೂಲದ ಸಂಚಿ ಹಿಡಿಯುವ ಹಡಪದ ಅಪ್ಪಣ್ಣ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ. ಮೂವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳ ವಚನಗಳು ಉಳಿದಿವೆ. ನೂಲುವ ಕದಿರೆ ರೆಮ್ಮವ್ವೆ ತನ್ನ ರಾಟೆಯನ್ನೇ ವಿಚಾರಕ್ಕೆ ವಸ್ತು ಮಾಡಿಕೊಂಡಳು. ಇಳಕಲ್ಲದಲ್ಲಿ ಕುಣಿಮಗ್ಗದ ಸದ್ದು ಕೇಳಿ ಬೆಳೆದವರಿಗೆ ಇದು ಬೇರೆ ಯಾರಿಗಿಂತ ಬೇಗ ತಿಳಿಯುತ್ತದೆ. ಸೂಳೆ ಸಂಕವ್ವೆ ಎಂಬಾಕೆಯ ಒಂದೇ ಒಂದು ವಚನ ಸಿಕ್ಕಿದೆ. ಅವಳ ಅಂಕಿತ ನಿರ್ಲಜ್ಜೇಶ್ವರ. ಲೋಕ ಯಾವುದನ್ನು ನಾಚಿಕೆ ಎಂದಿತೋ ಅದನ್ನೇ ಎತ್ತಿ ದೇವರಿಗೆ ಹೆಸರಿಟ್ಟಳು.

ಎಲ್ಲರೂ ತಮ್ಮ ದೇವರ ಹೆಸರಿನಿಂದ ಮಾತು ಮುಗಿಸಿದರೆ, ದೋಣಿ ನಡೆಸುವ ಚೌಡಯ್ಯ ಮುಗಿಸಿದ್ದು ಅಂಬಿಗರ ಚೌಡಯ್ಯ ಎಂಬ ತನ್ನ ಹೆಸರಿನಿಂದಲೇ. ನನ್ನ ಮಾತಿಗೆ ನಾನೇ ಸಾಕ್ಷಿ ಎಂದ ಹಾಗೆ. ಡಾಂಭಿಕ ಗುರುಗಳನ್ನಾಗಲೀ ಭಕ್ತರನ್ನಾಗಲೀ ಅವನು ಬಿಟ್ಟವನಲ್ಲ.

ಈ ಕೂಟದ ನಡುವೆ ಕೂತವರು ಬಸವಣ್ಣನವರಲ್ಲ ಎಂಬುದನ್ನು ಗಮನಿಸಿರಿ. ಮನೆ ಅವರದು, ಊಟ ಅವರದು, ಆದರೆ ಹಿರಿಯ ಪೀಠದಲ್ಲಿ ಕೂಡಿಸಿದ್ದು ಅಲ್ಲಮಪ್ರಭುವನ್ನು. ಹರಿಹರ ಹೇಳುವಂತೆ ಅಲ್ಲಮ ಬಳ್ಳಿಗಾವಿಯ ಗುಡಿಯಲ್ಲಿ ಮದ್ದಳೆ ಬಾರಿಸುತ್ತಿದ್ದವರು. ಆ ಪೀಠಕ್ಕೆ ಶೂನ್ಯಸಿಂಹಾಸನ ಎಂದು ಹೆಸರು. ಬಳ್ಳಿಗಾವಿಯ ವಿಹಾರದ ಮಾತು ಮೇಲೆ ಹೇಳಿದೆ. ಶೂನ್ಯ ಎಂಬ ಮಾತು ಬೌದ್ಧರ ಶೂನ್ಯತೆಯ ಕಡೆಗೆ ಬೊಟ್ಟು ಮಾಡುತ್ತದೆ ಎಂದು ಬರೆದ ವಿದ್ವಾಂಸರಿದ್ದಾರೆ. ಅಲ್ಲಮರು ಬೌದ್ಧರೆಂದು ನಾನು ಹೇಳುವುದಿಲ್ಲ. ಒಂದು ನೆಲದಲ್ಲಿ ಬಿದ್ದ ಬೀಜ ಬೇರೆ ಬೆಳೆಯ ನಡುವೆಯೂ ಮೊಳಕೆ ಒಡೆಯಬಹುದು ಎಂದಷ್ಟೇ ಹೇಳುತ್ತೇನೆ.

ಅಲ್ಲಮರು ಯಾರನ್ನೂ ಸುಮ್ಮನೆ ಒಪ್ಪಲಿಲ್ಲ. ಸೊನ್ನಲಿಗೆಯಲ್ಲಿ ಕೆರೆ ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮನಿಗೆ, ಕಲ್ಲು ಮಣ್ಣಿನ ಕೆಲಸದಲ್ಲೇ ಮುಳುಗಿ ನಿನ್ನನ್ನು ನೀನು ಮರೆತೆಯಾ ಎಂದು ಚುಚ್ಚಿದರು. ಮನೆ ಗಂಡ ಎಲ್ಲ ಬಿಟ್ಟು ಬಂದ ಅಕ್ಕಮಹಾದೇವಿಯನ್ನೂ ಬಾಗಿಲಲ್ಲೇ ತಡೆದು ಪ್ರಶ್ನೆಗಳ ಮಳೆ ಸುರಿಸಿದರು. ಸೀರೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡಿದ್ದು ಯಾಕೆ ಎಂದೂ ಕೇಳಿದರು. ಅಕ್ಕ ಒಂದಕ್ಕೂ ಹಿಂಜರಿಯದೆ ಉತ್ತರ ಕೊಟ್ಟಳು. ಉತ್ತರ ಕೇಳಿದ ಮೇಲೆ ಕೂಟವೇ ಅವಳಿಗೆ ತಲೆಬಾಗಿತು.

ನನಗೆ ಎಲ್ಲಕ್ಕಿಂತ ಹತ್ತಿರದವು ಎರಡು ಕಥೆಗಳು. ಒಂದು ನುಲಿಯ ಚಂದಯ್ಯನದು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಬದುಕುವವನು. ಒಂದು ದಿನ ಕೆಲಸದ ನಡುವೆ ಮೈಮೇಲಿನ ಲಿಂಗ ಜಾರಿ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ, ಕೆಲಸ ನಡೆಸಿದ. ಇದು ಸರಿಯೇ ಎಂದು ಶರಣರ ನಡುವೆ ವಾದ ಎದ್ದಿತು. ದುಡಿಮೆ ದೊಡ್ಡದೋ ದೇವರ ಕುರುಹು ದೊಡ್ಡದೋ ಎಂಬ ಪ್ರಶ್ನೆ ಅದು. ಅಂಥ ಪ್ರಶ್ನೆ ಎತ್ತಿದವನನ್ನು ಅವರು ಹೊರಗೆ ಹಾಕಲಿಲ್ಲ, ಕೂಡಿಸಿಕೊಂಡು ಚರ್ಚಿಸಿದರು.

ಇನ್ನೊಂದು ಆಯ್ದಕ್ಕಿ ಲಕ್ಕಮ್ಮನದು. ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಇಷ್ಟು ಯಾಕೆ, ನಾಳೆಯ ಆಸೆಯೇ ಎಂದು ಲಕ್ಕಮ್ಮ ಕೇಳಿದಳು, ಹೆಚ್ಚಿನ ಅಕ್ಕಿಯನ್ನು ಅಲ್ಲೇ ಚೆಲ್ಲಿ ಬರಲು ಕಳಿಸಿದಳು. ತಣ್ಹೆ ಎಂದರೇನು ಎಂದು ನಾವು ಪಾಳಿ ಪದ ಹಿಡಿದು ಕಲಿಯುತ್ತೇವೆ. ಒಂದು ಹಿಡಿ ಅಕ್ಕಿಯಲ್ಲಿ ಅದನ್ನು ಕಂಡವಳು ಆಕೆ.

ಇಷ್ಟೆಲ್ಲ ನಡೆದದ್ದು ಕನ್ನಡದಲ್ಲಿ. ಬುದ್ಧವಚನವನ್ನು ಛಂದಸ್ಸಿನ ಭಾಷೆಗೆ ಏರಿಸೋಣ ಎಂದು ಇಬ್ಬರು ಬ್ರಾಹ್ಮಣ ಮೂಲದ ಭಿಕ್ಷುಗಳು ಕೇಳಿದಾಗ ಬುದ್ಧರು ಬೇಡವೆಂದು, ಅವರವರ ಭಾಷೆಯಲ್ಲೇ ಕಲಿಯಲಿ ಎಂದ ಪ್ರಸಂಗ ವಿನಯ ಪಿಟಕದಲ್ಲಿದೆ. ಬಾಯಿಗೆ ಬಾರದ ಭಾಷೆಯಲ್ಲಿ ಯಾರೂ ಪ್ರಶ್ನೆ ಕೇಳಲಾರರು, ತಲೆ ಅಲ್ಲಾಡಿಸಬಲ್ಲರು ಅಷ್ಟೇ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು, ಭಿಕ್ಷು ಸಂಘಗಳಲ್ಲಿ ಠರಾವು, ಕೋರಂ, ಮತ ಎಣಿಕೆ ಎಲ್ಲವೂ ಇದ್ದುದನ್ನು ನೆನಪಿಸಿದರು. ಪ್ರಜಾಪ್ರಭುತ್ವ ಈ ನೆಲಕ್ಕೆ ಹೊರಗಿನದಲ್ಲ, ಕಳೆದುಕೊಂಡದ್ದು ಎಂಬುದು ಅವರ ವಾದ. ಆ ಕಳೆದುಕೊಂಡದ್ದು ಮತ್ತೆ ಸ್ವಲ್ಪ ಕಾಲ ಕೈಗೆ ಸಿಕ್ಕ ಜಾಗ ಕಲ್ಯಾಣ ಎಂದು ನಾನು ತಿಳಿದಿದ್ದೇನೆ.

*ನಮಸ್ಕಾರದ ಬೆಲೆ*

ಬಸವಣ್ಣನವರು ಬರೀ ಕರೆದು ಕೂಡಿಸಲಿಲ್ಲ, ತಾವೇ ಹೋದರು. ನಾಗಿದೇವ ಎಂಬ ಅಸ್ಪೃಶ್ಯ ಶರಣನ ಕಥೆ ಇದೆ. ಅವನಿಗೆ ಸಂಬೋಳಿ ನಾಗಿದೇವ ಎಂದು ಹೆಸರು. ಬೀದಿಯಲ್ಲಿ ನಡೆಯುವಾಗ ಮೇಲಿನವರು ದೂರ ಸರಿಯಲೆಂದು ಸಂಬೋಳಿ ಎಂದು ಕೂಗುತ್ತ ಹೋಗಬೇಕಿತ್ತು, ಆ ಕೂಗೇ ಹೆಸರಿಗೆ ಅಂಟಿತು. ಬಸವಣ್ಣನವರು ಅವನ ಕೇರಿಗೆ ಹೋಗಿ ಅವನ ಮನೆಯಲ್ಲಿ ಉಂಡರು. ಊರು ರಾಜನ ಬಳಿ ದೂರು ಒಯ್ದಿತು.

ಸಮಗಾರ ಹರಳಯ್ಯನ ಕಥೆಯನ್ನು ಎಲ್ಲ ಕಡೆ ಭಕ್ತಿಯ ಕಥೆಯಾಗಿ ಹೇಳುತ್ತಾರೆ. ಹರಳಯ್ಯ ಶರಣು ಎಂದ, ಬಸವಣ್ಣನವರು ತಿರುಗಿ ಎರಡು ಸಲ ಶರಣು ಎಂದರು. ಹೆಚ್ಚಾದ ಆ ಒಂದು ನಮಸ್ಕಾರದ ಭಾರ ತಾಳದೆ ಹರಳಯ್ಯ ಮತ್ತು ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಜೋಡು ಮಾಡಿ ತಂದರು. ಬಸವಣ್ಣನವರು ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡರು.

ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗ ನನಗೆ ಗಂಟಲು ಕಟ್ಟುತ್ತದೆ. ಭಕ್ತಿಗಾಗಿ ಅಲ್ಲ. ಒಬ್ಬ ಮನುಷ್ಯನಿಗೆ ಒಂದು ನಮಸ್ಕಾರ ಹೆಚ್ಚಿಗೆ ಸಿಕ್ಕಿದ್ದಕ್ಕೆ ತನ್ನ ಚರ್ಮ ಸುಲಿದು ಕೊಟ್ಟರೂ ಸಾಲ ತೀರದು ಅನ್ನಿಸಬೇಕಾದರೆ, ಅವನ ಹಿಂದಿನ ತಲೆಮಾರುಗಳಿಗೆ ಎಷ್ಟು ನಮಸ್ಕಾರ ಸಿಕ್ಕಿರಬೇಕು? ಕಥೆ ಮೆಚ್ಚಿ ಕಣ್ಣೀರು ಹಾಕುವವರು ಈ ಲೆಕ್ಕವನ್ನೂ ಮಾಡಬೇಕು.

*ಮದುವೆ*

ಮುಂದೆ ಕಲ್ಯಾಣದಲ್ಲಿ ಅದೇ ಹರಳಯ್ಯನ ಮಗನಿಗೂ, ಬ್ರಾಹ್ಮಣ ಮೂಲದ ಶರಣ ಮಧುವರಸನ ಮಗಳಿಗೂ ಮದುವೆ ಆಯಿತು. ಇಬ್ಬರೂ ಲಿಂಗ ಕಟ್ಟಿದವರ ಮಕ್ಕಳು. ಕೂಟದಲ್ಲಿ ವರ್ಷಗಟ್ಟಲೆ ಹುಟ್ಟಿನಿಂದ ಮೇಲು ಕೀಳಿಲ್ಲ ಎಂದು ಮಾತಾಡಿದವರು. ಹಾಗಾದರೆ ಅಡ್ಡಿ ಏನು ಎಂದು ಮಾತಿಗೆ ತಕ್ಕಂತೆ ನಡೆದರು.

ಅಲ್ಲಿಯ ತನಕ ರಾಜ ಸಹಿಸಿದ್ದ. ದೇವರ ಬಗ್ಗೆ ವಾದ ಮಾಡಿಕೊಂಡರೆ ರಾಜನಿಗೇನು ನಷ್ಟ? ಒಟ್ಟಿಗೆ ಉಂಡದ್ದನ್ನೂ ದೂರು ಬಂದರೂ ಹೇಗೋ ನುಂಗಿಕೊಂಡ. ಮದುವೆಯನ್ನು ನುಂಗಲಾಗಲಿಲ್ಲ. ಹುಟ್ಟುವ ಮಗು ಯಾವ ಜಾತಿ ಎಂಬ ಪ್ರಶ್ನೆಗೆ ರಾಜ್ಯದಲ್ಲಿ ಜಾಗವಿಲ್ಲ. ಇಬ್ಬರು ತಂದೆಯರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎಂದು ಪರಂಪರೆ ಹೇಳುತ್ತದೆ. ಎಳೆಹೂಟೆ ಎಂದು ಆ ಶಿಕ್ಷೆಗೆ ಹೆಸರು.

ಕಲ್ಯಾಣ ಹೊತ್ತಿ ಉರಿಯಿತು. ಬಿಜ್ಜಳನ ಕೊಲೆಯಾಯಿತು. ಶರಣರು ದಿಕ್ಕಾಪಾಲಾದರು. ಚೆನ್ನಬಸವಣ್ಣ ಹಲವರ ಜೊತೆ ಉಳವಿಯ ಕಾಡು ಸೇರಿದ. ಡೋಹರ ಕಕ್ಕಯ್ಯ ಖಾನಾಪುರ ಕಡೆಯ ಕಕ್ಕೇರಿಯಲ್ಲಿ ಕೊನೆಯುಸಿರೆಳೆದ. ಬಸವಣ್ಣನವರು ಅಧಿಕಾರ ಬಿಟ್ಟು ಕೂಡಲಸಂಗಮಕ್ಕೆ ಮರಳಿ, 1167ರ ಸುಮಾರಿಗೆ ಅಲ್ಲೇ ತೀರಿಕೊಂಡರು. ನಾರಾಯಣಪುರದ ಆಣೆಕಟ್ಟೆಯ ಹಿನ್ನೀರು ಬಂದ ಮೇಲೆ ಅವರ ಐಕ್ಯದ ಜಾಗದ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲು ಇಳಿದು ಹೋದರೆ ಸುತ್ತಲೂ ನದಿ, ನಡುವೆ ಆ ಜಾಗ.

*ಬಾಬಾಸಾಹೇಬರ ಅಳತೆಗೋಲು*

ಬಾಬಾಸಾಹೇಬರು 1936ರಲ್ಲಿ ಜಾತಿ ವಿನಾಶ ಬರೆದರು. ಲಾಹೋರಿನ ಜಾತಪಾತ ತೋಡಕ ಮಂಡಲದವರು ತಾವೇ ಕರೆದ ಭಾಷಣವನ್ನು ತಾವೇ ರದ್ದು ಮಾಡಿದ ಕಾರಣ ಅದು ಪುಸ್ತಕವಾಗಿ ಬಂತು. ಜಾತಿ ಮುರಿಯಲು ಒಟ್ಟಿಗೆ ಉಣ್ಣುವುದು ಸಾಲದು, ಜಾತಿ ದಾಟಿ ಮದುವೆಗಳಾಗಬೇಕು, ಅದಕ್ಕೆ ಅಡ್ಡ ನಿಂತ ಶಾಸ್ತ್ರಗಳ ಅಧಿಕಾರವೇ ಹೋಗಬೇಕು ಎಂದು ಅಲ್ಲಿ ವಾದಿಸಿದರು. ಆಮೇಲೆ ಗಾಂಧೀಜಿಗೆ ಕೊಟ್ಟ ಉತ್ತರದಲ್ಲಿ ಸಂತರ ಬಗ್ಗೆಯೂ ಕಠಿಣವಾಗಿ ಬರೆದರು. ದೇವರ ಕಣ್ಣಿಗೆ ಎಲ್ಲರೂ ಸಮಾನರು ಎನ್ನುವುದರಿಂದ ಯಾರಿಗೂ ತೊಂದರೆಯಿಲ್ಲ, ಮನುಷ್ಯ ಮನುಷ್ಯನಿಗೆ ಸಮಾನ ಎನ್ನುವುದೇ ಬೇರೆ ಮಾತು, ಸಂತರು ಹೇಳಿದ್ದು ಮೊದಲನೆಯದನ್ನು ಎಂಬುದು ಅವರ ಆಕ್ಷೇಪದ ತಿರುಳು.

ಈ ಅಳತೆಗೋಲನ್ನು ಕಲ್ಯಾಣಕ್ಕೆ ಹಿಡಿಯಿರಿ. ಹರಳಯ್ಯ ಮಧುವರಸರು ದೇವರ ಮುಂದಿನ ಸಮಾನತೆಯಲ್ಲಿ ನಿಲ್ಲಲಿಲ್ಲ, ಬೀಗರಾದರು. ಆನೆಗಳನ್ನು ತಂದದ್ದೂ ಅದಕ್ಕೇ. ಸಮಾನತೆಯ ಮಾತು ನಿಜವಾಗಿ ಯಾವಾಗ ನಾಟಿತು ಎಂದು ತಿಳಿಯಬೇಕಾದರೆ ಎದುರಿನವರಿಗೆ ಯಾವಾಗ ಸಿಟ್ಟು ಬಂತು ಎಂದು ನೋಡಬೇಕು.

ಆದರೆ ಅಳತೆಗೋಲಿನ ಇನ್ನೊಂದು ತುದಿಯನ್ನೂ ನೋಡಬೇಕು. ಜಾತಿ ಬಿಟ್ಟು ಬಂದವರ ಆ ಚಳವಳಿಯೊಳಗೆ ಮುಂದೆ ಮತ್ತೆ ಒಳಜಾತಿಗಳು ಬೆಳೆದವು. ಮದುವೆ ಮತ್ತೆ ಅವರವರೊಳಗೇ ನಡೆಯಿತು. ಕಕ್ಕಯ್ಯ, ಹರಳಯ್ಯರ ಹೆಸರನ್ನು ಹಾಡಿದವರು ಅವರ ಕೇರಿಯನ್ನು ಊರ ಹೊರಗೇ ಇಟ್ಟರು. ಇದನ್ನು ಯಾರನ್ನೋ ಹಂಗಿಸಲು ಬರೆಯುತ್ತಿಲ್ಲ. ಎಷ್ಟು ದೊಡ್ಡ ಬೆಳಕಾದರೂ ಮದುವೆಯ ಚಪ್ಪರದಲ್ಲಿ ಆರಿದರೆ ಜಾತಿ ಹಿಂದಿನ ಬಾಗಿಲಿನಿಂದ ಮನೆಯೊಳಗೆ ಬರುತ್ತದೆ ಎಂದು ನಾವು ತಿಳಿಯಲು ಬರೆಯುತ್ತಿದ್ದೇನೆ. 2024ರಲ್ಲಿ ಕರ್ನಾಟಕ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಒಳ್ಳೆಯದೇ. ಬಾಬಾಸಾಹೇಬರ ಫೋಟೊ ನಮ್ಮ ಮನೆಗಳಲ್ಲಿ ಎಂದಿನಿಂದಲೂ ಇದೆ. ಗೋಡೆಗೆ ಮೊಳೆ ಹೊಡೆಯುವುದು ಯಾರಿಗೂ ಕಷ್ಟದ ಕೆಲಸವಲ್ಲ.

*ನಮ್ಮ ಕೂಟ*

ಈಗ ನಮ್ಮ ಕಡೆಗೆ ತಿರುಗುತ್ತೇನೆ. ಕಳೆದ ವರ್ಷ ನಮ್ಮ ಬಳಗದ ಎರಡು ಮನೆಗಳ ನಡುವೆ 
ಸಂಬಂಧದ ಮಾತು ಬಂದು ನಿಂತುಹೋಯಿತು. ಎರಡೂ ಮನೆಯವರು ದೀಕ್ಷೆ ಪಡೆದವರು. ತ್ರಿಶರಣ ಪಂಚಶೀಲ ಒಟ್ಟಿಗೆ ಹೇಳುವವರು. ಹುಡುಗ ಹುಡುಗಿ ಇಬ್ಬರೂ ಓದಿ ನೌಕರಿಯಲ್ಲಿದ್ದಾರೆ, ಇಬ್ಬರಿಗೂ ಮನಸ್ಸಿತ್ತು. ನಿಂತದ್ದು ಒಂದೇ ಪ್ರಶ್ನೆಗೆ. ದೀಕ್ಷೆಗೆ ಮುಂಚೆ ಅವರು ಎಡವೋ ಬಲವೋ ಎಂಬ ಪ್ರಶ್ನೆಗೆ. ಕೇಳಿದವರು ಕೆಟ್ಟವರಲ್ಲ. ನಾಳೆ ಊರಿನ ನೆಂಟರು ಮನೆಗೆ ಬರದಿದ್ದರೆ, ತಂಗಿಯ ಮದುವೆಗೆ ತೊಡಕಾದರೆ ಎಂಬ ಅಂಜಿಕೆ. ಆ ಅಂಜಿಕೆ ನಿಜವಾದದ್ದು, ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಮಧುವರಸನ ಮುಂದೆ ನೆಂಟರ ಸಿಟ್ಟು ಇರಲಿಲ್ಲ, ಆನೆ ಇತ್ತು. ನಮ್ಮ ಮುಂದೆ ಆನೆ ಇಲ್ಲ. ವಿಶೇಷ ವಿವಾಹ ಕಾಯ್ದೆ ಇದೆ, ಸಂವಿಧಾನ ಇದೆ, ಅದನ್ನು ಬರೆದವರನ್ನೇ ನಾವು ತಂದೆ ಎನ್ನುತ್ತೇವೆ.

ಎರಡನೆಯ ಮಾತು ಹೆಣ್ಣುಮಕ್ಕಳದು. ನಮ್ಮ ಭಾನುವಾರದ ಕೂಟದಲ್ಲಿ ಚಾಪೆ ಹಾಸುವವರು, ಚಹಾ ಮಾಡುವವರು ನಮ್ಮ ತಾಯಂದಿರು, ಅಕ್ಕಂದಿರು. ಪ್ರಶ್ನೆ ಕೇಳುವವರು ಬಹುಮಟ್ಟಿಗೆ ನೌಕರಿಯ ಅಣ್ಣಂದಿರು, ನಾನೂ ಸೇರಿದಂತೆ ನಾಲ್ಕಾರು ಜನ ಶಾಲೆ ಕಾಲೇಜಿನವರು. ಗಾರೆ ಕೆಲಸಕ್ಕೆ, ಕಳೆ ಕೀಳಲು ಹೋಗುವವರು ಗೋಡೆಗೆ ಒರಗಿ ಕೇಳುತ್ತಾರೆ. ಲಕ್ಕಮ್ಮ, ರೆಮ್ಮವ್ವೆ ಎಲ್ಲೋ ಪುಸ್ತಕದಲ್ಲಿ ಇದ್ದವರಲ್ಲ, ಆ ಗೋಡೆಯ ಪಕ್ಕದಲ್ಲೇ ಕೂತಿದ್ದಾರೆ. ದುಡಿದ ಕೈಗೆ ಗೊತ್ತಿರುವ ದುಃಖ ಸತ್ಯವನ್ನು ಓದಿದ ಬಾಯಿ ವಿವರಿಸುತ್ತಿದ್ದರೆ, ಅದು ಕೂಟವಲ್ಲ, ತರಗತಿ.

ಧರ್ಮವನ್ನು ಪ್ರಶ್ನಿಸುವ ಕೂಟ ಕಟ್ಟುವುದು ಸುಲಭ. ದೇವರಿಲ್ಲ ಎಂದು ಎರಡು ತಾಸು ಮಾತಾಡಿ ಮನೆಗೆ ಹೋಗಬಹುದು, ಯಾರಿಗೂ ಏನೂ ಖರ್ಚಿಲ್ಲ. ಬಸವಣ್ಣನವರ ಬದುಕಿನಿಂದ ನಾನು ಕಲಿತದ್ದು ಇಷ್ಟು. ಕೂಟದ ಬೆಲೆ ಅಲ್ಲಿ ಎಂಥ ಪ್ರಶ್ನೆ ಎದ್ದಿತು ಎಂಬುದರಿಂದ ತಿಳಿಯುವುದಿಲ್ಲ. ಪ್ರಶ್ನೆ ಕೇಳುವ ಜಾಗ ಯಾರಿಗೆ ಸಿಕ್ಕಿತು, ಸಿಕ್ಕ ಉತ್ತರದಂತೆ ಎಷ್ಟು ಜನ ನಡೆದರು ಎಂಬುದರಿಂದ ತಿಳಿಯುತ್ತದೆ.

*ಇಂದಿನ ಅಭ್ಯಾಸ*

ರಾತ್ರಿ ಐದು ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಕೂಡಿರಿ. ಆಮೇಲೆ ಮನೆಯವರೆಲ್ಲ ಸೇರಿ ಈ ಮೂರನ್ನು ಮಾತಾಡಿರಿ.

1. ನಮ್ಮ ಮನೆಯಲ್ಲಿ ಪ್ರಶ್ನೆ ಕೇಳಿದರೆ ಬೈಸಿಕೊಳ್ಳುವವರು ಯಾರು?

2. ಬಾಯಲ್ಲಿ ಒಪ್ಪಿಕೊಂಡು ಕೈಯಲ್ಲಿ ಇನ್ನೂ ಮಾಡದಿರುವ ಒಂದು ಸಂಗತಿ ಯಾವುದು?

3. ನಮ್ಮ ಮಕ್ಕಳ ಮದುವೆಯ ಮಾತು ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಏನು?

ಉತ್ತರವನ್ನು ಗ್ರೂಪಿನಲ್ಲಿ ಹಾಕಬೇಕಿಲ್ಲ. ಮುಂದಿನ ಭಾನುವಾರದ ಕೂಟದಲ್ಲಿ ಮೊದಲ ಅರ್ಧ ತಾಸು ಇದುವರೆಗೆ ಮಾತಾಡದವರಿಗೇ ಬಿಡೋಣ ಎಂಬುದು ನನ್ನ ವಿನಂತಿ. ಅವತ್ತು ಚಹಾ ಮಾಡುವ ಕೆಲಸ ನಾವು ನೌಕರಿಯವರು ಹೊತ್ತುಕೊಳ್ಳೋಣ.

ಎಲ್ಲರಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು.

ನಮೋ ಬುದ್ಧಾಯ. ಜೈ ಭೀಮ್.